ಒಂದು ಬ್ಯಾಂಕ್, ಎರಡು ಸರ್ಕಾರ: 55 ಕೋಟಿಯಿಂದ ಗೋಣಿಚೀಲದವರೆಗೆ

1935ರಲ್ಲಿ ನೂರು ರೂಪಾಯಿ ಕೊಟ್ಟರೆ ರಿಸರ್ವ್ ಬ್ಯಾಂಕಿನ ಒಂದು ಷೇರು ಸಿಗುತ್ತಿತ್ತು. ಇವತ್ತಿನ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ರಿಸರ್ವ್ ಬ್ಯಾಂಕ್ ಅಂದರೆ ಮೊದಲಿಂದಲೂ ಸರ್ಕಾರದ್ದೇ ಅಂದುಕೊಂಡಿರುತ್ತೇವೆ. ಹಾಗಿರಲಿಲ್ಲ. 1935ರ ಏಪ್ರಿಲ್ 1ರಂದು ಅದು ಬಾಗಿಲು ತೆರೆದದ್ದು ಷೇರುದಾರರ ಬ್ಯಾಂಕ್ ಆಗಿ. ಬಂಡವಾಳ ಐದು ಕೋಟಿ ರೂಪಾಯಿ, ಅಂದರೆ ಐದು ಲಕ್ಷ ಷೇರು. ಸರ್ಕಾರದ ಕೈಯಲ್ಲಿದ್ದದ್ದು ಬರೀ 2,200 ಷೇರು.

ಆ ಬ್ಯಾಂಕು ದೇಶ ಒಡೆದಾಗ ಏನಾಯಿತು ಅನ್ನುವುದೇ ಈ ಪ್ರಕರಣ. ಒಂದೇ ಬ್ಯಾಂಕು ಸ್ವಲ್ಪ ಕಾಲ ಭಾರತಕ್ಕೂ ಪಾಕಿಸ್ತಾನಕ್ಕೂ ಕೆಲಸ ಮಾಡಿತು. ಆ ಸ್ವಲ್ಪ ಕಾಲದಲ್ಲಿ ಹುಟ್ಟಿದ ಅಪನಂಬಿಕೆ ಮುಂದೆ ಸೆಣಬು, ಕಲ್ಲಿದ್ದಲುಗಳ ವ್ಯಾಪಾರವನ್ನೇ ಕಟ್ಟಿಹಾಕಿತು.

ಷೇರುದಾರರೇ ಯಾಕೆ?

ಇದರ ಹಿಂದೆ ದೊಡ್ಡ ಜಗಳವೇ ಇತ್ತು. 1926ರಲ್ಲಿ ಭಾರತದ ಹಣದ ವ್ಯವಸ್ಥೆ ಪರಿಶೀಲಿಸಿದ ಹಿಲ್ಟನ್ ಯಂಗ್ ಆಯೋಗ ಷೇರುದಾರರ ಕೇಂದ್ರ ಬ್ಯಾಂಕ್ ಬೇಕು ಎಂದಿತು. 1927ರಲ್ಲಿ ಮಸೂದೆ ಬಂತು. ಬ್ಯಾಂಕು ಸರ್ಕಾರದ್ದಾಗಬೇಕೋ ಷೇರುದಾರರದ್ದಾಗಬೇಕೋ, ನಿರ್ದೇಶಕರನ್ನು ಆರಿಸುವವರು ಯಾರು ಅನ್ನುವ ಪ್ರಶ್ನೆಗಳ ಮೇಲೆ ಶಾಸನಸಭೆ ಕಿತ್ತಾಡಿ, ಮಸೂದೆ ಬಿದ್ದೇ ಹೋಯಿತು. ಷೇರು ದುಡ್ಡಿದ್ದವರ ಪಾಲಾದರೆ ದೇಶದ ಹಿತ ಏನಾಗಬೇಕು ಎಂದು ರಾಷ್ಟ್ರೀಯವಾದಿಗಳು ಕೇಳಿದರು. ನೋಟು ಅಚ್ಚು ಹಾಕುವ ಸಂಸ್ಥೆಯಲ್ಲಿ ರಾಜಕಾರಣಿಗಳು ಕೈಯಾಡಿಸಬಾರದು ಎಂದು ಬ್ರಿಟಿಷ್ ಸರ್ಕಾರ ಹೇಳಿತು. ಕೊನೆಗೆ 1934ರ ಕಾಯ್ದೆಯಲ್ಲಿ ಷೇರುದಾರರ ಬ್ಯಾಂಕೇ ಗೆದ್ದಿತು.

ಷೇರು ಒಂದೇ ಕಡೆ ಗುಡ್ಡೆ ಬೀಳದಂತೆ ನಿಯಮ ಮಾಡಿದ್ದರು. ದೇಶವನ್ನು ಐದು ರಿಜಿಸ್ಟರ್‌ಗಳಾಗಿ, ಅಂದರೆ ಊರುವಾರು ಷೇರುದಾರರ ಪಟ್ಟಿಗಳಾಗಿ, ಹಂಚಿದ್ದರು. ಕಲ್ಕತ್ತಕ್ಕೆ 145 ಲಕ್ಷ, ಮುಂಬೈಗೆ 140 ಲಕ್ಷ, ದೆಹಲಿಗೆ 115 ಲಕ್ಷ, ಮದ್ರಾಸಿಗೆ 70 ಲಕ್ಷ, ರಂಗೂನಿಗೆ 30 ಲಕ್ಷ ರೂಪಾಯಿಯ ಷೇರು. ಐದು ಷೇರಿಗೆ ಒಂದು ಮತ. ಎಷ್ಟೇ ಷೇರಿದ್ದರೂ ಒಬ್ಬರಿಗೆ ಹತ್ತು ಮತಕ್ಕಿಂತ ಜಾಸ್ತಿ ಇಲ್ಲ. ಕನ್ನಡನಾಡು ಕೂಡ ಆಗ ಹೀಗೇ ಹಂಚಿಹೋಗಿತ್ತು. ಧಾರವಾಡದವರು ಮುಂಬೈ ಕಡೆ, ಮಂಗಳೂರಿನವರು ಮದ್ರಾಸ್ ಕಡೆ. ಲಾಹೋರಿನ ಷೇರುದಾರ ದೆಹಲಿ ರಿಜಿಸ್ಟರಿನಲ್ಲಿ, ಢಾಕಾದವರು ಕಲ್ಕತ್ತದಲ್ಲಿ.

ಇಷ್ಟೆಲ್ಲಾ ಎಚ್ಚರಿಕೆ ತೆಗೆದುಕೊಂಡರೂ ಷೇರುಗಳು ನಿಧಾನವಾಗಿ ಮುಂಬೈಗೆ ಹರಿದುಹೋದವು. ದುಡ್ಡು ಎಲ್ಲಿದೆಯೋ ಅಲ್ಲಿಗೆ ಷೇರು ಹೋಗುತ್ತದೆ, ಅಲ್ವಾ.

ರಂಗೂನಿನ ವಿಷಯ ಇಲ್ಲಿ ಮುಖ್ಯ. 1937ರ ಏಪ್ರಿಲ್‌ನಲ್ಲಿ ಬರ್ಮಾ ಭಾರತದಿಂದ ಬೇರೆಯಾಯಿತು. ಆದರೂ ರಿಸರ್ವ್ ಬ್ಯಾಂಕೇ ಅಲ್ಲಿಯ ನೋಟು ನೋಡಿಕೊಳ್ಳುತ್ತಿತ್ತು. ಬೇರೆಯಾದ ನೆರೆಯವನ ದುಡ್ಡನ್ನೂ ಒಂದೇ ಬ್ಯಾಂಕು ನಡೆಸಬಹುದು ಅನ್ನುವ ಅನುಭವ ಹೀಗೆ ಮೊದಲೇ ಇತ್ತು. 1947ರಲ್ಲಿ ಅದನ್ನೇ ಮತ್ತೆ ಮಾಡಲು ಹೊರಟರು. ಆದರೆ ಬರ್ಮಾ ಬೇರೆಯಾದಾಗ ಗಡಿಯಲ್ಲಿ ರಕ್ತ ಹರಿದಿರಲಿಲ್ಲ. ಈ ಸಲ ಹರಿಯಿತು.

1947ರ ಏರ್ಪಾಡು

1947ರ ಆಗಸ್ಟ್ 14ರ ಆದೇಶದ ಪ್ರಕಾರ 1948ರ ಸೆಪ್ಟೆಂಬರ್ 30ರವರೆಗೆ ರಿಸರ್ವ್ ಬ್ಯಾಂಕು ಎರಡೂ ದೇಶಗಳ ಕೇಂದ್ರ ಬ್ಯಾಂಕ್. ಹೊಸ ದೇಶಕ್ಕೆ ಏಕಾಏಕಿ ಬ್ಯಾಂಕು ಕಟ್ಟಲು ಆಗುವುದಿಲ್ಲ. ನೋಟು ಅಚ್ಚು ಹಾಕುವ ಮುದ್ರಣಾಲಯ ಇದ್ದದ್ದು ನಾಸಿಕದಲ್ಲಿ. ಅದಕ್ಕೇ ಈ ದಾರಿ. 1948ರ ಏಪ್ರಿಲ್‌ನಿಂದ ಭಾರತದ ನೋಟಿನ ಮೇಲೆಯೇ ಇಂಗ್ಲಿಷ್ ಮತ್ತು ಉರ್ದುವಿನಲ್ಲಿ ಪಾಕಿಸ್ತಾನ ಸರ್ಕಾರ ಎಂದು ಮುದ್ರಿಸಿ ಅಲ್ಲಿ ಚಲಾಯಿಸಿದರು.

ಹಂಚಿಕೆಯ ಲೆಕ್ಕವೂ ನಡೆಯಿತು. ಅವಿಭಜಿತ ಭಾರತದ ಆಸ್ತಿ ಮತ್ತು ಸಾಲದಲ್ಲಿ ಪಾಕಿಸ್ತಾನಕ್ಕೆ ನೂರಕ್ಕೆ ಹದಿನೇಳೂವರೆ ಪಾಲು. ಕೈಯಲ್ಲಿದ್ದ ನಗದು ಸುಮಾರು 400 ಕೋಟಿ. ಪಾಕಿಸ್ತಾನ ಅದರಲ್ಲಿ 100 ಕೋಟಿ ಕೇಳಿತು. ಚೌಕಾಸಿ ಆಗಿ 75 ಕೋಟಿಗೆ ಒಪ್ಪಂದವಾಯಿತು. ಅದರಲ್ಲಿ 20 ಕೋಟಿ ಆಗಸ್ಟ್‌ನಲ್ಲೇ ಹೋಗಿತ್ತು. ಉಳಿದದ್ದು 55 ಕೋಟಿ.

ಅಷ್ಟರಲ್ಲಿ ಅಕ್ಟೋಬರ್‌ನಲ್ಲಿ ಕಾಶ್ಮೀರದ ಯುದ್ಧ ಶುರುವಾಗಿತ್ತು. ನಾವು ಕೊಡುವ ದುಡ್ಡಿನಿಂದಲೇ ಗುಂಡು ಕೊಂಡು ನಮ್ಮ ಸೈನಿಕರ ಮೇಲೆ ಹಾರಿಸುತ್ತಾರೆ ಅನ್ನುವುದು ದೆಹಲಿಯ ವಾದ. ಹಣದ ಒಪ್ಪಂದ ಬೇರೆ ಅಲ್ಲ, ಕಾಶ್ಮೀರವೂ ಸೇರಿ ಎಲ್ಲ ಒಟ್ಟಿಗೆ ತೀರಬೇಕು ಎಂದು ಪಟೇಲರು ಹೇಳಿದರು. ಒಪ್ಪಿಕೊಂಡ ಪಾಲನ್ನು ಒತ್ತೆ ಇಟ್ಟುಕೊಳ್ಳುವುದು ಯಾವ ನ್ಯಾಯ ಅನ್ನುವುದು ಆಗ ಪಾಕಿಸ್ತಾನದ ರಾಜಧಾನಿಯಾಗಿದ್ದ ಕರಾಚಿಯ ಪ್ರಶ್ನೆ. ಅಲ್ಲಿ ಸಂಬಳ ಕೊಡಬೇಕಿತ್ತು, ನಿರಾಶ್ರಿತರನ್ನು ನೋಡಿಕೊಳ್ಳಬೇಕಿತ್ತು. ಖಜಾನೆ ಬರಿದಾಗಿತ್ತು.

ಈಗ ರಿಸರ್ವ್ ಬ್ಯಾಂಕು ಏನು ಮಾಡಬೇಕು? ಪ್ರಕರಣದ ಗಂಟು ಇರುವುದು ಇಲ್ಲೇ. ಗವರ್ನರ್ ಆಗಿದ್ದವರು ಸಿ. ಡಿ. ದೇಶಮುಖ್, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ದುಡ್ಡು ಇದ್ದದ್ದು ಭಾರತ ಸರ್ಕಾರದ ಖಾತೆಯಲ್ಲಿ. ಅದನ್ನು ಪಾಕಿಸ್ತಾನದ ಖಾತೆಗೆ ಹಾಕಬೇಕಾದರೆ ಭಾರತ ಸರ್ಕಾರದ ಆದೇಶ ಬೇಕು. ಆದೇಶ ಬರಲಿಲ್ಲ. ಬ್ಯಾಂಕು ಸುಮ್ಮನಾಯಿತು. ನೀನು ನಮ್ಮ ಬ್ಯಾಂಕೂ ಹೌದಲ್ಲ ಎಂದು ಪಾಕಿಸ್ತಾನ ಕೇಳಿತು. ಭಾರತ ಬ್ಯಾಂಕಿನ ಕೈ ಕಟ್ಟಿಹಾಕಿದೆ ಎಂದು ಅಲ್ಲಿಯ ಹಣಕಾಸು ಸಚಿವ ಗುಲಾಂ ಮೊಹಮ್ಮದ್ ದೂರಿದರು.

ಕಾಗದದ ಮೇಲೆ ಆ ಬ್ಯಾಂಕು ಷೇರುದಾರರದ್ದು. ರಾಜಕೀಯದ ಕೈಗೆ ಸಿಗಬಾರದೆಂದೇ ಅದನ್ನು ಹಾಗೆ ಕಟ್ಟಿದ್ದರು. ಐದು ರಿಜಿಸ್ಟರು, ಹತ್ತು ಮತದ ಮಿತಿ, ಷೇರುದಾರರ ಪರವಾಗಿ ಆರಿಸಿಬರುವ ಎಂಟು ನಿರ್ದೇಶಕರು. ಎಲ್ಲಾ ಇತ್ತು. ಆದರೆ 55 ಕೋಟಿಯ ವಿಷಯದಲ್ಲಿ ಇದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. ದೆಹಲಿಯ ರಿಜಿಸ್ಟರಿನಲ್ಲಿದ್ದ ಲಾಹೋರಿನ ಷೇರುದಾರನೂ ಅಮೃತಸರದ ಷೇರುದಾರನೂ ಒಂದೇ ಬ್ಯಾಂಕಿನ ಒಡೆಯರು. ಒಬ್ಬನ ದೇಶಕ್ಕೆ ಬರಬೇಕಾದ ದುಡ್ಡು ಇನ್ನೊಬ್ಬನ ದೇಶ ತಡೆದಿದೆ. ಇಬ್ಬರ ಮತಕ್ಕೂ ಅಲ್ಲಿ ಬೆಲೆ ಇಲ್ಲ. ಬ್ಯಾಂಕನ್ನು ಯಾರು ಕೊಂಡಿದ್ದಾರೆ ಅನ್ನುವುದಕ್ಕಿಂತ ಖಾತೆಗೆ ಸಹಿ ಹಾಕುವವರು ಯಾರು ಅನ್ನುವುದೇ ದೊಡ್ಡದಾಯಿತು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ದೇಶಮುಖರನ್ನು ದೂರುವುದರಲ್ಲಿ ಅರ್ಥವಿಲ್ಲ. ಖಾತೆದಾರನ ಆದೇಶ ಇಲ್ಲದೆ ಹಣ ಕೊಡುವ ಬ್ಯಾಂಕನ್ನು ಯಾರೂ ನಂಬುವುದಿಲ್ಲ. ತಪ್ಪಾದದ್ದು ಅದಕ್ಕೂ ಮೊದಲು. ಎರಡು ಮನೆಗೆ ಒಂದೇ ಬ್ಯಾಂಕು ಎಂದು ತೀರ್ಮಾನಿಸಿದ ದಿನವೇ ಇಬ್ಬರ ಖಾತೆಗೂ ಪೂರ್ತಿ ದುಡ್ಡು ಹಾಕಿ, ಲೆಕ್ಕದ ಹೆಚ್ಚುಕಡಿಮೆ ಆಮೇಲೆ ಸರಿಮಾಡಬೇಕಿತ್ತು. ಅದರ ಬದಲು ಕೊಡುವವನ ಕೈಯಲ್ಲೇ ಬೀಗದ ಕೈ ಬಿಟ್ಟರು. ಜಗಳ ಬಂದಾಗ ಬೀಗದ ಕೈ ಇದ್ದವನು ಅದನ್ನು ಬಳಸಿಯೇ ಬಳಸುತ್ತಾನೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1948ರ ಜನವರಿ 13ರಂದು ಗಾಂಧೀಜಿ ದೆಹಲಿಯ ಬಿರ್ಲಾ ಹೌಸ್‌ನಲ್ಲಿ ಉಪವಾಸ ಕೂತರು. ಹಿಂದೂ, ಮುಸ್ಲಿಂ, ಸಿಖ್ಖರ ನಡುವೆ ಶಾಂತಿ ಬರಬೇಕು ಅನ್ನುವುದು ಅವರು ಹೇಳಿದ ಕಾರಣ. ಕೊಟ್ಟ ಮಾತು ತಪ್ಪಿ ದುಡ್ಡು ಹಿಡಿದಿಟ್ಟದ್ದೂ ಅವರಿಗೆ ಸರಿ ಕಂಡಿರಲಿಲ್ಲ. ಜನವರಿ 15ರಂದು ಸರ್ಕಾರ ಹಣ ಬಿಡುವ ತೀರ್ಮಾನ ಪ್ರಕಟಿಸಿತು. 18ರಂದು ಉಪವಾಸ ಮುಗಿಯಿತು. 30ರಂದು ಗಾಂಧೀಜಿ ಇರಲಿಲ್ಲ.

ಬ್ಯಾಂಕು ಕೂಡ ಪಾಲಾಯಿತು

ಹಣ ಹೋಯಿತು, ನಂಬಿಕೆ ಬರಲಿಲ್ಲ. ಸೆಪ್ಟೆಂಬರ್ 30ರವರೆಗೆ ಇರಬೇಕಿದ್ದ ಏರ್ಪಾಡನ್ನು ಮೂರು ತಿಂಗಳು ಮೊದಲೇ, ಜೂನ್ 30ಕ್ಕೆ ಮುಗಿಸಿದರು. ಜುಲೈ 1ರಂದು ಕರಾಚಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನವನ್ನು ಜಿನ್ನಾ ಉದ್ಘಾಟಿಸಿದರು. ಆಗಲೇ ಅವರಿಗೆ ಕಾಯಿಲೆ ಜೋರಾಗಿತ್ತು. ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಆ ಬ್ಯಾಂಕಿನ ಬಂಡವಾಳ ಮೂರು ಕೋಟಿ. ನೂರಕ್ಕೆ 51 ಸರ್ಕಾರದ್ದು, 49 ಖಾಸಗಿ ಷೇರುದಾರರದ್ದು.

ಇತ್ತ ಭಾರತ ಬೇರೆ ದಾರಿ ಹಿಡಿಯಿತು. ರಿಸರ್ವ್ ಬ್ಯಾಂಕನ್ನು ರಾಷ್ಟ್ರೀಕರಣ ಮಾಡುವ ಮಾತನ್ನು 1947ರ ಫೆಬ್ರವರಿಯ ಬಜೆಟ್‌ನಲ್ಲೇ ಹೇಳಿದ್ದರು. ಹೇಳಿದವರು ಆಗಿನ ಮಧ್ಯಂತರ ಸರ್ಕಾರದ ಹಣಕಾಸು ಸಚಿವ ಲಿಯಾಕತ್ ಅಲಿ ಖಾನ್. ಆರು ತಿಂಗಳಲ್ಲಿ ಅವರು ಪಾಕಿಸ್ತಾನದ ಪ್ರಧಾನಿ. ಎರಡು ದೇಶಕ್ಕೆ ಸೇರಿದ ಬ್ಯಾಂಕನ್ನು ಒಂದು ಸರ್ಕಾರ ಕೊಳ್ಳುವುದು ಸರಿಯಲ್ಲ ಎಂದು ಪಾಕಿಸ್ತಾನದ ನಂಟು ಮುಗಿಯುವವರೆಗೆ ಕಾದರು. 1949ರ ಜನವರಿ 1ರಂದು ಎಲ್ಲ ಷೇರೂ ಸರ್ಕಾರದ್ದಾಯಿತು. ನೂರು ರೂಪಾಯಿಯ ಒಂದು ಷೇರಿಗೆ 118 ರೂಪಾಯಿ 10 ಆಣೆ ಪರಿಹಾರ ಸಿಕ್ಕಿತು. ಬಹುಪಾಲು ಸರ್ಕಾರಿ ಸಾಲಪತ್ರದ ರೂಪದಲ್ಲಿ. ಹದಿನಾಲ್ಕು ವರ್ಷದ ಷೇರುದಾರರ ಬ್ಯಾಂಕಿನ ಕಥೆ ಅಲ್ಲಿಗೆ ಮುಗಿಯಿತು.

144 ಅನ್ನುವ ಸಂಖ್ಯೆ

ಬ್ಯಾಂಕು ಬೇರೆಯಾದ ಮೇಲೆ ನಿಜವಾದ ಪೆಟ್ಟು ಬಿದ್ದದ್ದು ವ್ಯಾಪಾರಕ್ಕೆ. 1948ರ ಮಾರ್ಚ್ 1ರಿಂದ ಎರಡೂ ದೇಶಗಳು ಸುಂಕದ ಲೆಕ್ಕದಲ್ಲಿ ಒಂದಕ್ಕೊಂದು ಪರದೇಶಗಳಾದವು. ಆದರೂ ಪಾಕಿಸ್ತಾನದ ರಫ್ತಿನಲ್ಲಿ ದೊಡ್ಡ ಪಾಲು ಭಾರತಕ್ಕೇ ಬರುತ್ತಿತ್ತು. ಬರದೆ ಏನು ಮಾಡುತ್ತದೆ? ಸೆಣಬು ಬೆಳೆಯುವುದು ಪೂರ್ವ ಬಂಗಾಳದಲ್ಲಿ, ಮೈಮನ್‌ಸಿಂಗ್, ಢಾಕಾ ಕಡೆಯ ನೀರು ನಿಲ್ಲುವ ಹೊಲಗಳಲ್ಲಿ. ಸೆಣಬಿನ ಗಿರಣಿಗಳು ಇರುವುದು ಕಲ್ಕತ್ತದ ಹೂಗ್ಲಿ ದಡದಲ್ಲಿ, ಸುಮಾರು ನೂರು. ಗಡಿ ಗೆರೆ ಬಿದ್ದಾಗ ಬಹುಪಾಲು ಬೆಳೆ ಆ ಕಡೆ, ಎಲ್ಲ ಗಿರಣಿ ಈ ಕಡೆ. ಪೂರ್ವ ಪಾಕಿಸ್ತಾನದಲ್ಲಿ ಆಗ ಒಂದೂ ಸೆಣಬಿನ ಗಿರಣಿ ಇರಲಿಲ್ಲ.

1949ರ ಸೆಪ್ಟೆಂಬರ್ 18ರಂದು ಬ್ರಿಟನ್ ಪೌಂಡಿನ ಬೆಲೆಯನ್ನು ನೂರಕ್ಕೆ ಮೂವತ್ತೂವರೆ ಇಳಿಸಿತು. ಭಾರತ ತಕ್ಷಣ ಹಿಂಬಾಲಿಸಿತು. ಮೂವತ್ತು ಅಮೆರಿಕನ್ ಸೆಂಟಿದ್ದ ರೂಪಾಯಿ 21 ಸೆಂಟ್ ಆಯಿತು. ಆಗ ಹಣಕಾಸು ಸಚಿವರು ಜಾನ್ ಮಥಾಯಿ. ರಿಸರ್ವ್ ಬ್ಯಾಂಕಿನ ಗವರ್ನರ್ ನಮ್ಮ ದಕ್ಷಿಣ ಕನ್ನಡ ಮೂಲದ ಬೆನೆಗಲ್ ರಾಮರಾವ್. ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ. ಎನ್. ರಾವ್ ಇವರ ಅಣ್ಣ. ರಾಮರಾಯರು ಅಮೆರಿಕದಲ್ಲಿ ರಾಯಭಾರಿ ಆಗಿದ್ದು, ಜುಲೈ 1ರಂದಷ್ಟೇ ಗವರ್ನರ್ ಕುರ್ಚಿಗೆ ಬಂದಿದ್ದರು. ಮೂರು ತಿಂಗಳೂ ತುಂಬಿರಲಿಲ್ಲ, ಈ ಬಿರುಗಾಳಿ.

ಎಲ್ಲರೂ ಪಾಕಿಸ್ತಾನವೂ ಇಳಿಸುತ್ತದೆ ಅಂದುಕೊಂಡಿದ್ದರು. ಅದು ಇಳಿಸಲಿಲ್ಲ. ರಾತ್ರಿ ಬೆಳಗಾಗುವುದರಲ್ಲಿ 100 ಪಾಕಿಸ್ತಾನಿ ರೂಪಾಯಿಗೆ 144 ಭಾರತೀಯ ರೂಪಾಯಿ. ಎರಡು ವರ್ಷದ ಹಿಂದೆ ಒಂದೇ ನೋಟು ಓಡುತ್ತಿದ್ದ ಜಾಗ ಇದು!

ಇದರ ಅರ್ಥ ಲೆಕ್ಕ ಹಾಕಿ ನೋಡಿ. ಒಂದು ಮಣ ಸೆಣಬಿಗೆ ಆ ಕಡೆ 30 ರೂಪಾಯಿ ಬೆಲೆ ಇದೆ ಎಂದುಕೊಳ್ಳೋಣ. ನಿನ್ನೆಯವರೆಗೆ ಕಲ್ಕತ್ತದ ಗಿರಣಿಯವನು 30 ಕೊಡುತ್ತಿದ್ದ. ಇವತ್ತು 43 ರೂಪಾಯಿ ಮೂರಾಣೆ ಕೊಡಬೇಕು. ಭಾರತ ರೂಪಾಯಿ ಇಳಿಸಿದ್ದು ಡಾಲರ್ ಸಂಪಾದಿಸಲು. ಡಾಲರ್ ತರುವ ಸರಕಿನಲ್ಲಿ ಸೆಣಬಿನ ಚೀಲ, ಬಟ್ಟೆಯೇ ಮುಂದೆ. ಅದಕ್ಕೆ ಬೇಕಾದ ಕಚ್ಚಾ ಸೆಣಬೇ ನೂರಕ್ಕೆ 44 ತುಟ್ಟಿಯಾದರೆ ಇಳಿಸಿದ್ದರ ಲಾಭ ಎಲ್ಲಿ ಉಳಿಯಿತು?

ಪಾಕಿಸ್ತಾನದ ವಾದದಲ್ಲೂ ಹುರುಳಿತ್ತು. ಸೆಣಬನ್ನು ಜಗತ್ತು ಹೇಗೂ ಕೊಳ್ಳುತ್ತದೆ, ಬೆಲೆ ಇಳಿಸಿ ಮಾರುವುದೇಕೆ? ಹೊಸ ದೇಶಕ್ಕೆ ಹೊರಗಿಂದ ಯಂತ್ರ ಬರಬೇಕು, ಅದು ಅಗ್ಗವಾಗುತ್ತದಲ್ಲ. ಜೊತೆಗೆ, ನಮ್ಮ ರೂಪಾಯಿಯ ಬೆಲೆ ದೆಹಲಿ ಹೇಳಬೇಕಾಗಿಲ್ಲ ಅನ್ನುವ ಸ್ವಾಭಿಮಾನ. 55 ಕೋಟಿಗಾಗಿ ಕೈಚಾಚಿ ನಿಂತ ನೆನಪು ಇನ್ನೂ ಹಸಿಯಾಗಿತ್ತು. ಆ ಜನವರಿ ಇಲ್ಲದಿದ್ದರೆ ಈ ಸೆಪ್ಟೆಂಬರ್ ಇಷ್ಟು ಬಿಗಿಯಾಗುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ. ತಿಜೋರಿಯ ಕೀಲಿ ಹಿಡಿದವನು ಏನು ಮಾಡಬಲ್ಲ ಅನ್ನುವುದನ್ನು ಕರಾಚಿ ನೋಡಿತ್ತು. ಈಗ ಅದರ ಕೈಯಲ್ಲೂ ಒಂದು ಕೀಲಿ ಇತ್ತು.

ಭಾರತ ಆ ದರವನ್ನು ಒಪ್ಪಲಿಲ್ಲ. ದೇಶಗಳ ಹಣದ ದರಕ್ಕೆ ಒಪ್ಪಿಗೆ ಕೊಡುತ್ತಿದ್ದ ಐಎಂಎಫ್‌ಗೆ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಪಾಕಿಸ್ತಾನ ಆಗಿನ್ನೂ ಸದಸ್ಯ ಆಗಿರಲಿಲ್ಲ. ಒಪ್ಪಿದ ದರವೇ ಇಲ್ಲದ ಮೇಲೆ ಬ್ಯಾಂಕುಗಳು ಹಣ ಹೇಗೆ ಬದಲಾಯಿಸಬೇಕು? ವ್ಯಾಪಾರ ನಿಂತೇಹೋಯಿತು. ಅಸ್ಸಾಮಿನ ಸೆಣಬು ಕಲ್ಕತ್ತಕ್ಕೆ ಬರುವುದು ಪೂರ್ವ ಬಂಗಾಳದ ನದಿಗಳ ಮೇಲೆ. ಅದನ್ನು ಪಾಕಿಸ್ತಾನ ಅಲ್ಲೇ ತಡೆಯಿತು. ಡಿಸೆಂಬರ್‌ನಲ್ಲಿ ಭಾರತ ಕಲ್ಲಿದ್ದಲು ಕಳಿಸುವುದನ್ನು ನಿಲ್ಲಿಸಿತು. ಪಾಕಿಸ್ತಾನದ ರೈಲು ಓಡಬೇಕಾದರೆ ಅದು ಬೇಕೇಬೇಕು. ಅವರು ದೂರದ ದೇಶಗಳಿಂದ ದುಬಾರಿ ಕಲ್ಲಿದ್ದಲು ತರಿಸಿಕೊಂಡರು.

ಇದರ ನಡುವೆ ಹುಟ್ಟಿದ ಇನ್ನೊಂದು ಬ್ಯಾಂಕಿನ ಬಗ್ಗೆ ಹೇಳಲೇಬೇಕು. ಪೂರ್ವ ಬಂಗಾಳದಲ್ಲಿ ಸೆಣಬು ಕೊಯ್ದು ರಾಶಿ ಹಾಕಿದ್ದರು, ಕೊಳ್ಳುವವರಿಲ್ಲ. ಸೆಣಬಿನ ವ್ಯಾಪಾರಕ್ಕೆ ಸಾಲ ಕೊಡುತ್ತಿದ್ದದ್ದು ಬಹುಪಾಲು ಕಲ್ಕತ್ತದ ವರ್ತಕರು ಮತ್ತು ಬ್ಯಾಂಕುಗಳು. ಅವರು ಕೈ ಎಳೆದುಕೊಂಡಾಗ ಬೆಲೆ ಕುಸಿಯಿತು. ಆಗ ಪಾಕಿಸ್ತಾನ ಸೆಣಬಿನ ಮಂಡಳಿ ಮಾಡಿ, 1949ರ ನವೆಂಬರ್‌ನಲ್ಲಿ ತರಾತುರಿಯಲ್ಲಿ ನ್ಯಾಷನಲ್ ಬ್ಯಾಂಕ್ ಆಫ್ ಪಾಕಿಸ್ತಾನವನ್ನು ಶುರುಮಾಡಿತು. ಅದರ ಮೊದಲ ಕೆಲಸವೇ ಸೆಣಬು ಕೊಳ್ಳಲು ಹಣ ಒದಗಿಸುವುದು. ಇವತ್ತು ಆ ದೇಶದ ದೊಡ್ಡ ಬ್ಯಾಂಕುಗಳಲ್ಲಿ ಒಂದಾಗಿರುವ ಅದು ಹುಟ್ಟಿದ್ದು ನೆರೆಮನೆಯ ಜಗಳದಿಂದ.

ಈ ಕಡೆಯೂ ಸುಖ ಇರಲಿಲ್ಲ. ಗಿರಣಿಗಳು ಕೆಲಸದ ಗಂಟೆ ಕಡಿಮೆ ಮಾಡಿದವು. ಕೂಲಿ ಕಳೆದುಕೊಂಡವರು ಬಿಹಾರ, ಒರಿಸ್ಸಾ, ಆಂಧ್ರ ಕಡೆಯಿಂದ ದುಡಿಯಲು ಬಂದ ಬಡವರು. ನಮ್ಮಲ್ಲೇ ಸೆಣಬು ಬೆಳೆಯಿರಿ ಎಂದು ಸರ್ಕಾರ ಕರೆ ಕೊಟ್ಟಿತು. ಪಶ್ಚಿಮ ಬಂಗಾಳ, ಅಸ್ಸಾಂ, ಬಿಹಾರದಲ್ಲಿ ಬತ್ತದ ಗದ್ದೆಗಳು ಸೆಣಬಿನ ಹೊಲಗಳಾದವು. ನಾಲ್ಕೈದು ವರ್ಷದಲ್ಲಿ ಭಾರತದ ಸೆಣಬು ದುಪ್ಪಟ್ಟಿಗಿಂತ ಜಾಸ್ತಿಯಾಯಿತು. ಅಕ್ಕಿಗೇ ಪರದಾಡುತ್ತಿದ್ದ ದೇಶ, ಹೊರಗಿಂದ ಧಾನ್ಯ ತರಿಸುತ್ತಾ ತನ್ನ ಅಕ್ಕಿ ಗದ್ದೆಯಲ್ಲಿ ಗೋಣಿ ಬೆಳೆಯಿತು. ಮಲೆನಾಡಿನ ಅಡಿಕೆ, ಕೊಡಗಿನ ಕಾಫಿ, ತುಂಗಭದ್ರೆ ಕಡೆಯ ಬತ್ತ ಎಲ್ಲವೂ ಅದೇ ಗೋಣಿಚೀಲದಲ್ಲಿ ಸಂತೆಗೆ ಹೋಗುತ್ತಿದ್ದ ಕಾಲ ಅದು. ನಾನು ಚಿಕ್ಕವನಿದ್ದಾಗ ನೋಡಿದ ಪ್ರತಿ ಅಟ್ಟದಲ್ಲೂ ಮಡಚಿಟ್ಟ ಗೋಣಿ ಇರುತ್ತಿತ್ತು. ಅದರ ನಾರಿನ ಹಿಂದೆ ಇಷ್ಟು ದೊಡ್ಡ ಜಗಳ ಇದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಗಂಟು ಬಿಚ್ಚಿದ್ದು

1950ರ ಆರಂಭದಲ್ಲಿ ಎರಡೂ ಬಂಗಾಳಗಳಲ್ಲಿ ಗಲಭೆ ಎದ್ದಿತು, ಲಕ್ಷಗಟ್ಟಲೆ ಜನ ಗಡಿ ದಾಟಿದರು. ಏಪ್ರಿಲ್ 8ರಂದು ನೆಹರೂ ಮತ್ತು ಲಿಯಾಕತ್ ಅಲ್ಪಸಂಖ್ಯಾತರ ರಕ್ಷಣೆಗೆ ಒಪ್ಪಂದ ಮಾಡಿಕೊಂಡರು. ಅದನ್ನು ಒಪ್ಪದೆ ಶ್ಯಾಮಾಪ್ರಸಾದ್ ಮುಖರ್ಜಿ, ಕೆ. ಸಿ. ನಿಯೋಗಿ ಸಂಪುಟ ಬಿಟ್ಟರು. ಒಬ್ಬರು ಕೈಗಾರಿಕೆ, ಇನ್ನೊಬ್ಬರು ವಾಣಿಜ್ಯ ನೋಡಿಕೊಳ್ಳುತ್ತಿದ್ದವರು. ಅದೇ ತಿಂಗಳು ಒಂದು ಚಿಕ್ಕ ವ್ಯಾಪಾರ ಒಪ್ಪಂದವೂ ಆಯಿತು. ಸ್ವಲ್ಪ ಸೆಣಬು ಬರಲಿ, ಬದಲಿಗೆ ಸರಕು ಹೋಗಲಿ, ಲೆಕ್ಕ ಭಾರತದ ರೂಪಾಯಿಯಲ್ಲಿ ಇರಲಿ ಅನ್ನುವ ಜಾಣತನ. 144ರ ಪ್ರಶ್ನೆಯನ್ನು ಮುಟ್ಟದೆ ಪಕ್ಕದಲ್ಲಿ ದಾಟಿದರು. ಇಡೀ ಪ್ರಕರಣದಲ್ಲಿ ನನಗೆ ಇಷ್ಟವಾಗುವ ಕೆಲಸ ಇದೊಂದೇ. ಯಾರೂ ಸೋಲೊಪ್ಪಿಕೊಳ್ಳಬೇಕಾಗಲಿಲ್ಲ, ಸರಕು ಓಡಾಡಿತು.

ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಜಗತ್ತೆಲ್ಲಾ ಕಚ್ಚಾ ಸರಕಿಗೆ ಮುಗಿಬಿತ್ತು. ಸೆಣಬು, ಹತ್ತಿಯ ಬೆಲೆ ಏರಿತು. ಪಾಕಿಸ್ತಾನಕ್ಕೆ ಕೊಳ್ಳುವವರು ಸಿಕ್ಕರು. ದರ ಇಳಿಸುವಂತೆ ಒತ್ತಡ ಹಾಕುವ ದಾರಿ ಭಾರತಕ್ಕೆ ಉಳಿಯಲಿಲ್ಲ. 1951ರ ಫೆಬ್ರವರಿ 25ರ ಒಪ್ಪಂದದಲ್ಲಿ ಭಾರತ 144ನ್ನು ಒಪ್ಪಿಕೊಂಡಿತು. ಆ ಕಡೆಯಿಂದ ಸೆಣಬು, ಹತ್ತಿ, ಧಾನ್ಯ. ಈ ಕಡೆಯಿಂದ ಕಲ್ಲಿದ್ದಲು, ಉಕ್ಕು, ಬಟ್ಟೆ, ಸಿಮೆಂಟು. ಆಗ ಭಾರತದ ಹಣಕಾಸು ಸಚಿವರಾಗಿದ್ದವರು ಅದೇ ದೇಶಮುಖ್. 1948ರಲ್ಲಿ ಎರಡು ದೇಶದ ನಡುವೆ ಸಿಕ್ಕಿಕೊಂಡಿದ್ದ ಬ್ಯಾಂಕಿನ ಗವರ್ನರ್.

ಕೊರಿಯಾ ಯುದ್ಧದ ಬಿಸಿ ಇಳಿದ ಮೇಲೆ ಸೆಣಬಿನ ಬೆಲೆಯೂ ಇಳಿಯಿತು. 1955ರ ಜುಲೈ ಕೊನೆಗೆ ಪಾಕಿಸ್ತಾನ ತಾನೇ ರೂಪಾಯಿಯ ಬೆಲೆ ಇಳಿಸಿತು. ಮತ್ತೆ ನೂರಕ್ಕೆ ನೂರು. ಆದರೆ ಅಷ್ಟರಲ್ಲಿ ಪೂರ್ವ ಬಂಗಾಳದ ನಾರಾಯಣಗಂಜ್‌ನಲ್ಲಿ ಆದಮ್‌ಜೀ ಸೆಣಬಿನ ಗಿರಣಿ ಎದ್ದಿತ್ತು. ಭಾರತ ತನ್ನದೇ ಸೆಣಬು ಬೆಳೆಯುತ್ತಿತ್ತು. ಒಬ್ಬರಿಗೊಬ್ಬರು ಬೇಕಾಗಿದ್ದ ಕಾಲ ಕಳೆದುಹೋಗಿತ್ತು.

ಲೆಕ್ಕಪುಸ್ತಕದಲ್ಲಿ ಮಾತ್ರ ಮನೆ ಇನ್ನೂ ಪೂರ್ತಿ ಪಾಲಾಗಿಲ್ಲ. ವಿಭಜನೆಗೆ ಮುಂಚಿನ ಸಾಲದಲ್ಲಿ ಪಾಕಿಸ್ತಾನ ಕೊಡಬೇಕಾದ ಪಾಲು ಎಂದು 300 ಕೋಟಿ ರೂಪಾಯಿ ಭಾರತದ ಬಜೆಟ್ ಪುಸ್ತಕಗಳಲ್ಲಿ ದಶಕಗಳಿಂದ ಹಾಗೇ ಇದೆ. 1952ರಿಂದ ಐವತ್ತು ಕಂತುಗಳಲ್ಲಿ ಬರಬೇಕಿದ್ದ ಹಣ ಅದು. ಕರಾಚಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ ಪ್ರಕಟಿಸುವ ಲೆಕ್ಕಪತ್ರದಲ್ಲೂ ರಿಸರ್ವ್ ಬ್ಯಾಂಕ್ ಆಫ್ ಇಂಡಿಯಾದಲ್ಲಿರುವ ಆಸ್ತಿ ಅನ್ನುವ ಸಾಲು ಇದೆ. ಅದರಲ್ಲಿ ಚಿನ್ನದ ನಾಣ್ಯ, ಸ್ಟರ್ಲಿಂಗ್ (ಬ್ರಿಟಿಷ್ ಪೌಂಡಿನ) ಸಾಲಪತ್ರ, ಆಗ ವಾಪಸು ಪಡೆದ ಭಾರತದ ನೋಟಿಗೆ ಬರಬೇಕಾದ ಬಾಕಿ.